‘ಮತ್ತು ಸಂಗಡಿಗರು’

ಜಾಜ್ ಸಂಗೀತವನ್ನು ಹುಟ್ಟಿಸಿದವರು ಅಮೆರಿಕದ ಕಪ್ಪು ಜನ, ಗುಲಾಮರ ಮಕ್ಕಳು ಮೊಮ್ಮಕ್ಕಳು. ಆದರೆ ಅದರ ಲೆಕ್ಕಪುಸ್ತಕ ಬರೆದಿಟ್ಟವರು, ಅದನ್ನು ಬಾಯಿಪಾಠ ಮಾಡಿಕೊಂಡು ತಿರುಗುವವರು ಬಹುಪಾಲು ಬೇರೆ ಜನ. ದೊಡ್ಡ ಊರುಗಳಲ್ಲೆಲ್ಲ ಜಾಜ್ ರಸಿಕರು ಎಂಬ ಒಂದು ಪಂಗಡ ಇದೆ. ಬೆಂಗಳೂರಿನಲ್ಲೂ ಇದೆ. ಇವರಲ್ಲಿ ಇಬ್ಬರು ಸೇರಿದರೆ ಸಾಕು, ಒಬ್ಬರು ಒಂದು ಪ್ಲೇಟಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಅದನ್ನು ಮುದ್ರಿಸಿದ ತಾರೀಖು ಹೇಳುತ್ತಾರೆ. ಮೂರನೆಯವರು ಬಂದು ಅವತ್ತು ಪಿಯಾನೋ ಮುಂದೆ ಕೂತಿದ್ದವನು ನೀವಂದುಕೊಂಡವನಲ್ಲ ಅಂತ ತಿದ್ದುತ್ತಾರೆ.

ಬೆಂಗಳೂರಿನಲ್ಲಿ ಓದುವಾಗ ಇಂಥ ಕೂಟವೊಂದರ ಮೂಲೆಯಲ್ಲಿ ನಾವೂ ಕೂತಿದ್ದುಂಟು. ಅಲ್ಲಿ ಕೇಳಿದ ಸಂಗೀತಕ್ಕಿಂತ ಕೇಳಿದ ತಾರೀಖುಗಳೇ ಹೆಚ್ಚು. ಮೈಲ್ಸ್ ಡೇವಿಸ್ ಎಂಬ ತುತ್ತೂರಿಗಾರನ ‘ಕೈಂಡ್ ಆಫ್ ಬ್ಲೂ’ ಅಂತ 1959ರ ಒಂದು ಪ್ಲೇಟು ಇದೆ. ಈ ಜನಕ್ಕೆ ಅದು ಗೀತೋಪದೇಶ ಇದ್ದ ಹಾಗೆ. ಅದರ ಐದು ಕೃತಿಗಳಲ್ಲಿ ನಾಲ್ಕಕ್ಕೆ ಪಿಯಾನೋ ನುಡಿಸಿದವನು ಬಿಲ್ ಇವಾನ್ಸ್, ಒಂದಕ್ಕೆ ಮಾತ್ರ ವಿಂಟನ್ ಕೆಲಿ. ಮುದ್ರಣ ನಡೆದದ್ದು ಒಂದು ಕಾಲಕ್ಕೆ ಚರ್ಚಾಗಿದ್ದ ನ್ಯೂಯಾರ್ಕಿನ ಕಟ್ಟಡದಲ್ಲಿ. ಟೇಪು ಯಂತ್ರದ ವೇಗ ಸರಿ ಇಲ್ಲದ್ದರಿಂದ ಮೊದಲ ಬದಿಯ ಮೂರೂ ಕೃತಿಗಳು ತುಸು ಏರುಶ್ರುತಿಯಲ್ಲಿ ಅಚ್ಚಾದವು. 1990ರ ದಶಕದಲ್ಲಿ ಅದನ್ನು ತಿದ್ದುವ ತನಕ ಜಗತ್ತೆಲ್ಲ ಆ ಏರುಶ್ರುತಿಯನ್ನೇ ಕೇಳಿ ತಲೆದೂಗುತ್ತಿತ್ತು. ಈ ವಿಷಯಗಳನ್ನೆಲ್ಲ ಆ ಕೂಟದವರು ಗಾದೆ ಹೇಳಿದಷ್ಟು ಸುಲಭವಾಗಿ ಹೇಳುತ್ತಿದ್ದರು.

‘ಇದನ್ನು ಕಟ್ಟಿಕೊಂಡು ನಮಗೇನಾಗಬೇಕು ಸಾಮಿ? ಕೂಲಿ ಕೇಳುವವರಿಗೆ, ದರಖಾಸ್ತು ಜಮೀನಿಗೆ ಅಲೆಯುವವರಿಗೆ ಈ ಪಿಯಾನೋ ಪುರಾಣ ಯಾಕೆ?’ ಅಂತ ನಮ್ಮ ಓದುಗರಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದು ಹೊಟ್ಟೆ ತುಂಬಿದವರ ಹೊತ್ತುಗಳೆಯುವ ಆಟ ಅಂತ ತಳ್ಳಿಹಾಕುವುದೂ ಸುಲಭ. ಆದರೆ ತಳ್ಳಿಹಾಕುವ ಮೊದಲು ನಮ್ಮ ಶ್ರೀನಿವಾಸಪುರಕ್ಕೇ ಒಂದು ಸಲ ಹೋಗಿ ನೋಡೋಣ.

ಶ್ರೀನಿವಾಸಪುರ ಮಾವಿನ ಊರು. ಸುಗ್ಗಿಯಲ್ಲಿ ಮಂಡಿಗಳ ಮುಂದೆ ಲಾರಿ, ಟ್ರ್ಯಾಕ್ಟರು ಸಾಲುಗಟ್ಟುತ್ತವೆ. ಆಂಧ್ರದ ಗಡಿ ಹತ್ತಿರ. ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಸ್ಕೂಲಲ್ಲಿ ಕಲಿಯುವುದು ಕನ್ನಡ. ಇಲ್ಲಿ ಕಾಯಿ ಇಳಿಸುವವರು, ಹಣ್ಣು ವಿಂಗಡಿಸುವವರು ಟೀ ಅಂಗಡಿಯಲ್ಲಿ ಕೂತು ಹಾಡಿನ ವಿಷಯಕ್ಕೆ ಜಗಳಕ್ಕಿಳಿಯುತ್ತಾರೆ.

‘ಮಾಯಾಬಜಾರ್ ಪಾಟಲೆಲ್ಲ ಘಂಟಸಾಲದೇ ಕಣಣ್ಣಾ.’

‘ಥೂ, ನಿನ್ನ! ಮೊದಲ ನಾಲ್ಕಕ್ಕೆ ರಾಗ ಹಾಕಿದ್ದು ಸಾಲೂರು ರಾಜೇಶ್ವರರಾವು. ಆಯಪ್ಪ ಬಿಟ್ಟೋದಮೇಲೆ ತಾನೇ ಘಂಟಸಾಲ ಬಂದಿದ್ದು?’

1957ರ ಸಿನಿಮಾ ಅದು. ಜಗಳವಾಡುವವರಲ್ಲಿ ಎಷ್ಟೋ ಜನ ಆಗ ಹುಟ್ಟೇ ಇರಲಿಲ್ಲ. ಕನ್ನಡದ ಕಡೆ ಬಂದರೆ 1974ರ ‘ಸಂಪತ್ತಿಗೆ ಸವಾಲ್’. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡನ್ನು, ಅಲ್ಲಿಯ ತನಕ ರಾಜಕುಮಾರರ ಹಾಡುದನಿಯಾಗಿದ್ದ ಪಿ.ಬಿ. ಶ್ರೀನಿವಾಸರು ಹಾಡಿಲ್ಲ, ಅಣ್ಣಾವ್ರೇ ಹಾಡಿದ್ದು, ಸಂಗೀತ ಜಿ.ಕೆ. ವೆಂಕಟೇಶ್ ಅಂತ ಹೇಳಲು ಯಾವ ಪುಸ್ತಕವೂ ಬೇಕಾಗಿಲ್ಲ. ದಂಡುಪ್ರದೇಶದ ರಸಿಕನಿಗೂ ಮಂಡಿಯ ಹಮಾಲಿಗೂ ಈ ವಿಷಯದಲ್ಲಿ ಜಾತಿ ಒಂದೇ. ಪಹಣಿಯಲ್ಲಿ ಹೆಸರಿಲ್ಲದವನು ಹಾಡಿನ ಪಹಣಿಯನ್ನು ಬಾಯಲ್ಲಿ ಇಟ್ಟುಕೊಂಡಿರುತ್ತಾನೆ. ಇಷ್ಟು ನನಗೆ ಗೊತ್ತು, ಇದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಾರರು ಎಂಬ ಹೆಮ್ಮೆ ಅದರಲ್ಲಿದೆ. ಆದ್ದರಿಂದ ಈ ತಿಳಿವಳಿಕೆಯನ್ನು ನಾವು ಗೇಲಿ ಮಾಡುವುದಿಲ್ಲ.

ಆದರೂ ಒಂದು ವ್ಯತ್ಯಾಸ ಇದೆ. ನಮ್ಮ ಟೀ ಅಂಗಡಿಯಲ್ಲಿ ಚರ್ಚೆ ಹಾಡಿದವರು, ರಾಗ ಹಾಕಿದವರು, ಬರೆದವರು ಇಷ್ಟಕ್ಕೇ ನಿಲ್ಲುತ್ತದೆ. ಜಾಜ್ ಕೂಟದಲ್ಲಿ ಹಾಗಲ್ಲ. ಅಲ್ಲಿ ಡ್ರಮ್ ಬಡಿದವನ ಹೆಸರೂ ಬೇಕು, ಬಾಸ್ ಮೀಟಿದವನ ಹೆಸರೂ ಬೇಕು. ಆ ಹೆಸರಿಗಾಗಿ ಅವರು ರಾತ್ರಿಯೆಲ್ಲ ಕಾದಾಡುತ್ತಾರೆ. ಈ ಚಾಳಿ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ನಾವು ತಿಳಿಯಬೇಕು. ಅದರಲ್ಲಿ ನಮಗೆ ಬೇಕಾದ ಒಂದು ಆಯುಧ ಇದೆ.

*

ಮೊದಮೊದಲ ಜಾಜ್ ಪ್ಲೇಟುಗಳ ಮೇಲೆ ವಾದ್ಯಗಾರರ ಹೆಸರು ಇರುತ್ತಿರಲಿಲ್ಲ. ಕೂಟದ ಯಜಮಾನನ ಹೆಸರು ಇರುತ್ತಿತ್ತು, ಉಳಿದವರು ಬರೀ ಕೈಗಳು. ಜಾಜ್ ಎಂಬ ಹೆಸರು ಹೊತ್ತು ಮಾರಾಟಕ್ಕೆ ಬಂದ ಮೊದಲ ಪ್ಲೇಟು 1917ರದು. ಅದನ್ನು ನುಡಿಸಿದವರು ಬಿಳಿಯರು. ಅದಕ್ಕೆ ಮುಂಚೆ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಈ ಸಂಗೀತಕ್ಕೆ ರೂಪ ಕೊಟ್ಟವರಲ್ಲಿ ದೊಡ್ಡವನೆಂದು ಹಿರಿಯರೆಲ್ಲ ಹೇಳುತ್ತಿದ್ದ ಬಡ್ಡಿ ಬೋಲ್ಡನ್ ಎಂಬ ಕಪ್ಪು ತುತ್ತೂರಿಗಾರನ ಒಂದು ಸ್ವರವೂ ಉಳಿದಿಲ್ಲ. ಅವನು ಹುಚ್ಚಾಸ್ಪತ್ರೆಯಲ್ಲಿ 1931ರಲ್ಲಿ ಸತ್ತ. ಬಡವರ ಸ್ಮಶಾನದಲ್ಲಿ ಗುರುತಿಲ್ಲದ ಜಾಗದಲ್ಲಿ ಹೂಳಿದರು. ಹುಟ್ಟಿಸಿದವರು ಒಬ್ಬರು, ‘ಮೊದಲಿಗರು’ ಎನಿಸಿಕೊಂಡವರು ಇನ್ನೊಬ್ಬರು. ಈ ಕಥೆ ನಮಗೇನು ಹೊಸದೇ?

ಹೆಸರಿಲ್ಲದ ಈ ಪ್ಲೇಟುಗಳಿಗೆ ಹೆಸರು ಬರೆಸಿದವರು ಪಂಡಿತರಲ್ಲ, ಕಂಪನಿಗಳಲ್ಲ. ಅಭಿಮಾನಿಗಳು. ಫ್ರಾನ್ಸಿನ ಶಾರ್ಲ್ ದೆಲೋನೆ ಎಂಬವನು 1936ರಲ್ಲಿ ಒಂದು ಪಟ್ಟಿಯ ಪುಸ್ತಕ ಹೊರತಂದ. ಯಾವ ಪ್ಲೇಟಿನಲ್ಲಿ ಯಾರು ಯಾರು ಯಾವ ವಾದ್ಯ ನುಡಿಸಿದರು ಎಂಬುದನ್ನು ಒಂದೊಂದಾಗಿ ಕೂಡಿಸಿದ ಪಟ್ಟಿ ಅದು. ನ್ಯೂಯಾರ್ಕಿನಲ್ಲಿ ಮಿಲ್ಟ್ ಗೇಬ್ಲರ್ ಎಂಬವನದು ಕಮೊಡೋರ್ ಎಂಬ ಪ್ಲೇಟಿನಂಗಡಿ. ಅಭಿಮಾನಿಗಳು ಬಂದು ಹರಟೆ ಹೊಡೆಯುವ ಜಾಗ. ಅವನು 1930ರ ದಶಕದಲ್ಲಿ ಹಳೆಯ ಪ್ಲೇಟುಗಳನ್ನು ಮತ್ತೆ ಒತ್ತಿಸುವಾಗ ಲೇಬಲ್ಲಿನ ಮೇಲೆ ನುಡಿಸಿದ ಎಲ್ಲರ ಹೆಸರನ್ನೂ ಅಚ್ಚು ಹಾಕಿಸಿದ. ಅಂಥ ರೂಢಿ ಅಲ್ಲಿಯ ತನಕ ಇರಲಿಲ್ಲ.

ಈಗ ಇನ್ನೊಂದು ವಿಷಯ ಕೇಳಿ. ಬ್ರಾಂಕ್ಸ್ ಕಡೆಯ ಏಬಲ್ ಮೀರೋಪೋಲ್ ಎಂಬ ಸ್ಕೂಲು ಮೇಷ್ಟ್ರು ಒಂದು ಪದ್ಯ ಬರೆದ. ಬಿಳಿಯರ ಗುಂಪು ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕಿದ ಫೋಟೋ ನೋಡಿ ಬರೆದದ್ದು. ‘ಸ್ಟ್ರೇಂಜ್ ಫ್ರೂಟ್’ ಅಂತ ಅದರ ಹೆಸರು. ಬಿಲಿ ಹಾಲಿಡೇ ಎಂಬ ಗಾಯಕಿ ಅದನ್ನು ಹಾಡತೊಡಗಿದಳು. ಅವಳ ಪ್ಲೇಟುಗಳನ್ನು ಹೊರತರುತ್ತಿದ್ದ ದೊಡ್ಡ ಕಂಪನಿ ಕೊಲಂಬಿಯಾ ಈ ಹಾಡು ಬೇಡ ಅಂದಿತು. ಕೊನೆಗೆ 1939ರಲ್ಲಿ ಅದನ್ನು ಮುದ್ರಿಸಿ ಹೊರತಂದದ್ದು ಯಾರು? ಅದೇ ಕಮೊಡೋರ್ ಅಂಗಡಿ. ಡ್ರಮ್ಮಿನವನ ಹೆಸರು ಬರೆಯುವಷ್ಟು ಮರ್ಯಾದೆ ಇದ್ದ ಕಡೆಯಲ್ಲೇ ಮರಕ್ಕೆ ನೇತುಹಾಕಿದವರ ಹಾಡನ್ನು ಹೊರತರುವ ಧೈರ್ಯವೂ ಇತ್ತು. ಇದನ್ನು ಆಕಸ್ಮಿಕ ಅಂತ ನಾವು ನಂಬುವುದಿಲ್ಲ.

ಬಂಕ್ ಜಾನ್ಸನ್ ಎಂಬ ಮುದುಕನ ಕಥೆಯೂ ಇದೆ. ಹಳೆಯ ಕಾಲದ ತುತ್ತೂರಿಗಾರ. ಹಲ್ಲು ಹೋಗಿ ಊದಲಾರದೆ ಲೂಸಿಯಾನಾದ ಒಂದು ಸಣ್ಣ ಊರಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ. 1939ರಲ್ಲಿ ಹೊರಬಂದ ಒಂದು ಜಾಜ್ ಚರಿತ್ರೆಯ ಪುಸ್ತಕಕ್ಕಾಗಿ ಹಳಬರ ಹೆಸರು ಕೆದಕುತ್ತಿದ್ದ ಅಭಿಮಾನಿಗಳು ಅವನನ್ನು ಹುಡುಕಿ ಹಿಡಿದರು. ಹಣ ಕೂಡಿಸಿ ಹಲ್ಲು ಕಟ್ಟಿಸಿಕೊಟ್ಟರು, ತುತ್ತೂರಿ ಕೊಡಿಸಿದರು. 1942ರಲ್ಲಿ ಅವನು ತನ್ನ ಮೊದಲ ಪ್ಲೇಟು ಕೊಟ್ಟ. ‘ಅವತ್ತು ಯಾರು ನುಡಿಸಿದ್ದು?’ ಎಂಬ ಕೆಲಸಕ್ಕೆ ಬಾರದ ಪ್ರಶ್ನೆ ಒಬ್ಬ ಮುದುಕನ ಬಾಯಿಗೆ ಹಲ್ಲು ತಂದುಕೊಟ್ಟಿತು. ಇಷ್ಟು ಕೆಲಸ ಮಾಡಿದ ವಿಮರ್ಶೆ ನಮ್ಮ ಸಾಹಿತ್ಯದಲ್ಲಿ ಎಷ್ಟಿದೆ?

*

ಇಷ್ಟು ಹೊಗಳಿದ ಮೇಲೆ ಬೈಯುವ ಹಕ್ಕೂ ನಮಗಿದೆ. ಈ ರಸಿಕರ ತಿಳಿವಳಿಕೆ ಬಹಳ ಸಲ ಪ್ಲೇಟಿನ ಅಂಚಿಗೆ ಬಂದು ನಿಂತುಬಿಡುತ್ತದೆ. ಅಂಚು ದಾಟಿದರೆ ರಕ್ತ ಇದೆ, ಬೆವರು ಇದೆ. ಅಲ್ಲಿಗೆ ಇವರು ಕಾಲಿಡುವುದು ಕಡಿಮೆ.

‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾದದ್ದು 1959ರ ಆಗಸ್ಟ್ 17. ಎಂಟು ದಿನ ಕಳೆದು, ಆಗಸ್ಟ್ 25ರ ರಾತ್ರಿ, ತಾನು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ ಮೈಲ್ಸ್ ಡೇವಿಸ್ ನಿಂತಿದ್ದ. ಒಬ್ಬ ಬಿಳಿ ಹೆಂಗಸನ್ನು ಟ್ಯಾಕ್ಸಿ ಹತ್ತಿಸಿ ನಿಂತಿದ್ದವನನ್ನು ಪೊಲೀಸರು ಇಲ್ಲಿಂದ ಜಾಗ ಬಿಡು ಅಂದರು. ನಾನು ಇಲ್ಲೇ ಕೆಲಸ ಮಾಡುವವನು ಅಂದದ್ದಕ್ಕೆ ತಲೆ ಒಡೆಯುವ ಹಾಗೆ ಹೊಡೆದು, ರಕ್ತ ಸೋರುತ್ತಿದ್ದವನನ್ನು ಠಾಣೆಗೆ ಎಳೆದೊಯ್ದರು. ನಾವು ಕೂತಿದ್ದ ಕೂಟದಲ್ಲಿ ಏರುಶ್ರುತಿಯ ವಿಷಯ ಬಂತು, ಚರ್ಚಿನ ವಿಷಯ ಬಂತು, ಈ ರಾತ್ರಿಯ ವಿಷಯ ಬರಲಿಲ್ಲ. ಟೇಪು ಯಂತ್ರ ತುಸು ತಪ್ಪು ವೇಗದಲ್ಲಿ ಓಡಿದ್ದು ದೊಡ್ಡ ಸುದ್ದಿ. ಲಾಠಿ ಎಷ್ಟು ವೇಗದಲ್ಲಿ ಬಂತು ಎಂಬುದು ಸುದ್ದಿಯಲ್ಲ!

ಕಿಂಗ್ ಆಲಿವರ್ ಎಂಬವನ ಕೂಟ 1923ರಲ್ಲಿ ಇಂಡಿಯಾನಾದ ರಿಚ್ಮಂಡ್ ಊರಿನಲ್ಲಿ ಗೆನೆಟ್ ಕಂಪನಿಗೆ ಪ್ಲೇಟು ಕೊಟ್ಟಿತು. ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಹುಡುಗ ಆ ಕೂಟದಲ್ಲಿದ್ದ. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ ಇತ್ತು ಎಂಬುದು ರಸಿಕರಿಗೆ ಬಲು ಇಷ್ಟದ ಕಥೆ. ಅದೇ ಕಂಪನಿ 1920ರ ದಶಕದಲ್ಲಿ ಹಣ ತೆಗೆದುಕೊಂಡು, ಕಪ್ಪು ಜನರನ್ನು ಬೇಟೆಯಾಡುವ ಕು ಕ್ಲಕ್ಸ್ ಕ್ಲಾನ್‌ನವರ ಹಾಡುಗಳನ್ನೂ ಒತ್ತಿಕೊಟ್ಟಿತು. ಒಂದೇ ಕಂಪನಿ, ಎರಡು ಹಾಡು. ಬಂಡವಾಳಕ್ಕೆ ಶ್ರುತಿಯೂ ಇಲ್ಲ, ನಾಚಿಕೆಯೂ ಇಲ್ಲ. ಆ ಕಿಂಗ್ ಆಲಿವರ್ ಕೊನೆಗೆ ಸವಾನಾ ಎಂಬ ಊರಿನ ಒಂದು ಜೂಜಿನ ಬಿಲಿಯರ್ಡ್ಸ್ ಅಂಗಡಿಯಲ್ಲಿ ಕಸ ಗುಡಿಸಿಕೊಂಡಿದ್ದು 1938ರಲ್ಲಿ ಸತ್ತ. ಹೆಸರಿಗೆ ರಾಜ, ಕೈಯಲ್ಲಿ ಪೊರಕೆ.

ಅದೇ ಕೂಟದ ಪಿಯಾನೋ ಮುಂದೆ ಕೂತಿದ್ದವಳು ಲಿಲ್ ಹಾರ್ಡಿನ್. ರಾಗ ಹಾಕುವವಳು, ಓದು ಬಲ್ಲವಳು. ಆರ್ಮ್‌ಸ್ಟ್ರಾಂಗ್‌ನನ್ನು ಮದುವೆಯಾಗಿ, ಆಲಿವರನ ನೆರಳಿನಿಂದ ಅವನು ಹೊರಗೆ ಬರಲೇಬೇಕು ಅಂತ ಹಟ ಹಿಡಿದವಳು. ಅವನ ಹೆಂಡತಿ ಅಂತಲೇ ಬಹುಕಾಲ ಜನ ಅವಳನ್ನು ಗುರುತಿಸಿದರು. ಅವನು 1971ರ ಜುಲೈಯಲ್ಲಿ ಸತ್ತ. ಮುಂದಿನ ತಿಂಗಳು ಅವನ ನೆನಪಿಗಾಗಿ ಶಿಕಾಗೋದಲ್ಲಿ ನಡೆದ ಕಛೇರಿಯಲ್ಲಿ ನುಡಿಸುತ್ತ ನುಡಿಸುತ್ತಲೇ ಅವಳು ಪಿಯಾನೋ ಮುಂದೆ ಕುಸಿದು ಪ್ರಾಣ ಬಿಟ್ಟಳು. ಹೆಂಗಸಿನ ಹೆಸರು ಪಟ್ಟಿಗೆ ಬರಬೇಕಾದರೆ ಗಂಡಸಿನ ಹೆಸರಿಗೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ.

ಇನ್ನು ಆ ಪ್ಲೇಟು ಆಗಿದ್ದಾದರೂ ಯಾವುದರಿಂದ? 78ರ ವೇಗದ ಹಳೆಯ ಪ್ಲೇಟುಗಳು ಅರಗಿನವು. ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಕುಸುಮದಂಥ ಮರಗಳ ಕೊಂಬೆಗೆ ಹತ್ತಿದ ಅರಗನ್ನು ಆದಿವಾಸಿಗಳು ಕೆರೆದು ತೆಗೆದರು. ಅದು ಕಲ್ಕತ್ತಾ ಬಂದರಿಂದ ಹಡಗು ಹತ್ತಿತು. ಅಮೆರಿಕದ ಕಪ್ಪು ಮನುಷ್ಯನ ಉಸಿರು ಮೂಡಿದ್ದು ನಮ್ಮ ಆದಿವಾಸಿಯ ಉಗುರು ಕೆರೆದ ಅರಗಿನ ಮೇಲೆ. ಇಬ್ಬರಿಗೂ ಪರಸ್ಪರ ಗೊತ್ತಿರಲಿಲ್ಲ. ಪ್ಲೇಟಿನ ನಂಬರು ಬಲ್ಲವರು ಬಹಳ ಜನ. ಅರಗು ಕೆರೆದವರಿಗೆ ಕೂಲಿ ಎಷ್ಟು ಸಿಕ್ಕಿತು ಎಂಬುದು ಯಾರ ಪಟ್ಟಿಯಲ್ಲೂ ಇಲ್ಲ.

*

ಇಲ್ಲಿಂದ ನಮ್ಮ ತಮಟೆಗೆ ಬರೋಣ. ಅದಕ್ಕೂ ದಾರಿ ಗೆನೆಟ್ ಸ್ಟುಡಿಯೋದಿಂದಲೇ ಇದೆ. ಆಗ ಮೈಕು ಇರಲಿಲ್ಲ. ಒಂದು ದೊಡ್ಡ ಕೊಂಬಿನ ಮುಂದೆ ಎಲ್ಲರೂ ನುಡಿಸಬೇಕು, ಆ ಸದ್ದಿಗೆ ಮುಳ್ಳು ಅದುರಿ ಮೇಣದ ಮೇಲೆ ಗೆರೆ ಕೊರೆಯಬೇಕು. ದೊಡ್ಡ ಡ್ರಮ್ ಬಡಿದರೆ ಮುಳ್ಳು ಎಗರಿ ಮೇಣ ಹಾಳು. ಅದಕ್ಕೆ ಬೇಬಿ ಡಾಡ್ಸ್ ಎಂಬ ಮಹಾ ಡ್ರಮ್ಮುಗಾರ ಡ್ರಮ್ಮು ಬಿಟ್ಟು ಮರದ ತುಂಡುಗಳ ಮೇಲೆ ಟಕಟಕ ತಟ್ಟಿಕೊಂಡು ಕೂರಬೇಕಾಯಿತು. ಜಾಜ್‌ನ ಎದೆಬಡಿತವಾದ ಡ್ರಮ್ಮು ಅದರ ಮೊದಲ ದೊಡ್ಡ ಪ್ಲೇಟುಗಳಲ್ಲಿ ಸರಿಯಾಗಿ ಕೇಳಿಸುವುದೇ ಇಲ್ಲ. ಯಂತ್ರವೂ ಯಾರೋ ಕೆಲವರ ಕಿವಿಗೆ ತಕ್ಕಂತೆ ಹುಟ್ಟಿರುತ್ತದೆ.

ಅದಕ್ಕೂ ಹಿಂದೆ, 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು, ಡೋಲು ಬಡಿದು ಜನ ಕೂಡಿಸಿದರು. 1740ರಲ್ಲಿ ಕಾನೂನು ಬಂತು. ಗುಲಾಮರು ಡೋಲು ಬಡಿಯಕೂಡದು. ನಮ್ಮ ಕಡೆ ಕಥೆ ತಿರುವುಮುರುವು. ಇಲ್ಲಿ ಹೊಲೆಮಾದಿಗರು ಬಡಿಯಲೇಬೇಕು. ಸಾವಿಗೆ ಬಡಿ, ಜಾತ್ರೆಗೆ ಬಡಿ, ಡಂಗೂರಕ್ಕೆ ಬಡಿ, ಬಡಿದು ದೂರ ನಿಲ್ಲು. ಅಲ್ಲಿ ಬಡಿಯಬೇಡ ಅಂದರು, ಇಲ್ಲಿ ಬಡಿ ಅಂದರು. ಎರಡೂ ಒಂದೇ ಮಾತು: ನಿನ್ನ ಕೈ ನಿನ್ನದಲ್ಲ.

ಆ ಕೈಯನ್ನು ವಾಪಸು ಪಡೆದದ್ದು ಚಳವಳಿ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಾಗ ತಮಟೆಯನ್ನು ಸುಟ್ಟುಹಾಕಬೇಕೋ, ಎತ್ತಿಕೊಳ್ಳಬೇಕೋ ಎಂಬ ವಾದ ನಡೆಯಿತು. ಬಿಟ್ಟಿ ಚಾಕರಿಯ ಗುರುತು ಅಂತ ಕೆಲವರು ಬಿಟ್ಟರು, ಅದು ನ್ಯಾಯ. ಜಾಥಾದ ಮುಂದೆ ಕೆಲವರು ಬಡಿದರು, ಅದೂ ನ್ಯಾಯ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಪುಸ್ತಕ ಓದಲು ಬಾರದವರ ಕೇರಿಗೂ ಆ ಹಾಡುಗಳು ನಡೆದು ಹೋದವು. ನಮ್ಮ ಕೋಲಾರದ ನೆಲದಿಂದ ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಮೊದಲಾದವರು ಹಾಡು ಕಟ್ಟಿದರು, ಹಾಡಿದರು. ಇವರ ಹೆಸರು ನಮಗೆ ಗೊತ್ತು, ಗೊತ್ತಿರಬೇಕಾದ್ದೇ.

ಆದರೆ ಅವರ ಹಿಂದೆ ತಮಟೆ ಬಡಿದವರು? ಬೆಂಕಿಯಲ್ಲಿ ಚರ್ಮ ಕಾಯಿಸಿ ನಾದ ಹದ ಮಾಡಿಕೊಟ್ಟವರು? ದನಿಗೂಡಿಸಿದ ಹೆಣ್ಣುಮಕ್ಕಳು? ಕ್ಯಾಸೆಟ್ಟಿನ ಹೊದಿಕೆ ತೆಗೆದು ನೋಡಿ, ಕರಪತ್ರ ನೋಡಿ, ಆಕಾಶವಾಣಿಯ ಪ್ರಕಟಣೆ ನೆನಪು ಮಾಡಿಕೊಳ್ಳಿ. ಒಬ್ಬರ ಹೆಸರು ಇರುತ್ತದೆ, ಅದರ ಪಕ್ಕ ಎರಡು ಪದ ಇರುತ್ತವೆ: ‘ಮತ್ತು ಸಂಗಡಿಗರು’.

ಈ ಎರಡು ಪದಗಳ ಒಳಗೆ ನಮ್ಮ ಅರ್ಧ ಚರಿತ್ರೆ ಹೂತುಹೋಗಿದೆ. ಬರೆದವರಿಗೆ ಹೆಸರು, ಬಡಿದವರಿಗೆ ಸಮುದಾಯ! ಹಾಡು ಎಲ್ಲರದು, ವ್ಯಕ್ತಿಯ ಹೆಸರಿಗೆ ಅಂಟಿಕೊಳ್ಳುವುದು ಬೂರ್ಜ್ವಾ ಗೀಳು ಅಂತ ನಮ್ಮ ಕೆಲವು ಗೆಳೆಯರು ವಾದ ಹೂಡುತ್ತಾರೆ. ಹಾಗಿದ್ದರೆ ಕವನಸಂಕಲನದ ಮೇಲೆ ಕವಿಯ ಹೆಸರು ಯಾಕೆ ಬೇಕು? ಈ ಲೇಖನದ ಕೆಳಗೆ ನಮ್ಮ ಹೆಸರು ಯಾಕೆ ಬೇಕು? ಓದು ಬಲ್ಲವನ ಹೆಸರು ಉಳಿದು, ತಮಟೆ ಬಲ್ಲವನ ಹೆಸರು ಮಾತ್ರ ‘ಸಮಷ್ಟಿ’ಯಲ್ಲಿ ಕರಗಬೇಕು ಎನ್ನುವುದು ಯಾವ ಸಮತಾವಾದ? ವಿದ್ವಾಂಸರು ‘ಜನಪದ’ ಅಂತ ಬರೆದರೂ ಅದೇ ಕೆಲಸ ನಡೆಯುತ್ತದೆ. ಜನಪದ ಅಂದರೆ ಕರ್ತೃ ಇಲ್ಲ. ಕರ್ತೃ ಇಲ್ಲ ಅಂದಮೇಲೆ ಸಂಭಾವನೆಯೂ ಇಲ್ಲ.

ಹೆಸರು ಅಳಿಸುವುದು ಯಾವಾಗಲೂ ಮೇಲಿನವರ ಕೈಯ ಕೆಲಸ. ನಮ್ಮ ಊರಿನ ಹೆಸರೇ ನೋಡಿ. ಇದರ ಮೂಲ ಹೆಸರು ಪಾಪನಪಲ್ಲಿ, ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿನಲ್ಲಿ ಇದನ್ನು ಶ್ರೀನಿವಾಸಪುರ ಮಾಡಿದರು ಅಂತ ಗೆಜೆಟಿಯರಿನಲ್ಲಿದೆ. ದಿವಾನರ ಮಗನ ಹೆಸರು ಇಡೀ ತಾಲ್ಲೂಕಿಗೆ ಸಿಕ್ಕಿತು. ತಮಟೆಯವರ ಮಗನ ಹೆಸರು ಕ್ಯಾಸೆಟ್ಟಿನ ಹೊದಿಕೆಗೂ ಸಿಗಲಿಲ್ಲ.

ಸಿನಿಮಾದಲ್ಲೂ ಇದೇ ಹಾಡು. ಮುಂಬಯಿಯ ಹೋಟೆಲುಗಳಲ್ಲಿ ಜಾಜ್ ನುಡಿಸುತ್ತಿದ್ದ ಗೋವಾದ ವಾದ್ಯಗಾರರೇ ಹಿಂದಿ ಚಿತ್ರಸಂಗೀತದ ಮೈಕಟ್ಟು ಕಟ್ಟಿದವರು. ಅವರ ಹೆಸರುಗಳು ಪರದೆಯ ಮೇಲೆ ಬಂದದ್ದು ಅಪರೂಪ. 1977ರ ‘ಅಮರ್ ಅಕ್ಬರ್ ಆಂಥೋನಿ’ಯಲ್ಲಿ ಅಮಿತಾಭ್ ಮೊಟ್ಟೆಯೊಳಗಿಂದ ಎದ್ದು ಬಂದು ಕುಣಿಯುತ್ತ ಹೇಳುವ ಆಂಥೋನಿ ಗೊನ್ಸಾಲ್ವಿಸ್ ಎಂಬ ಹೆಸರು ನಿಜವಾದ ಒಬ್ಬ ಪಿಟೀಲು ಮೇಷ್ಟರದು, ಸಂಗೀತ ನಿರ್ದೇಶಕ ಪ್ಯಾರೇಲಾಲರ ಗುರುವಿನದು. ದೇಶವೆಲ್ಲ ಆ ಹೆಸರು ಹಾಡಿತು, ಅದು ಯಾರದೆಂದು ಕೇಳಿದವರು ಕಡಿಮೆ. ಗ್ರೆಗರಿ ಬೂತ್ ಎಂಬ ಸಂಶೋಧಕ ಆ ವಾದ್ಯಗಾರರನ್ನೇ ಹುಡುಕಿ ಮಾತಾಡಿಸಿ 2008ರಲ್ಲಿ ಪುಸ್ತಕ ತಂದಮೇಲೆ ಎಷ್ಟೋ ಹೆಸರುಗಳು ಬೆಳಕಿಗೆ ಬಂದವು.

ನಮ್ಮ ಜಿಲ್ಲೆಯ ಚಿನ್ನದ ಗಣಿಯನ್ನೂ ಮರೆಯಬಾರದು. ಕೆ.ಜಿ.ಎಫ್.ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಿತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂತು. ಯುರೋಪಿಯನ್ನರ, ಆಂಗ್ಲೋ-ಇಂಡಿಯನ್ನರ ಕಡೆ ಕ್ಲಬ್ಬು, ಬ್ಯಾಂಡು, ಜೋಡಿನೃತ್ಯ. ಆ ಸಂಗೀತದ ಸವಿನೆನಪುಗಳನ್ನು ಈಗಲೂ ಮೆಲುಕು ಹಾಕುವವರಿದ್ದಾರೆ. ಆ ನೆಲದ ಕೆಳಗೆ, ಮೂರು ಕಿಲೋಮೀಟರಿಗೂ ಆಳದಲ್ಲಿ ಕಲ್ಲು ಒಡೆದವರು ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕ್ಲಬ್ಬಿನ ಬ್ಯಾಂಡು ನೆನಪಿನ ಪುಸ್ತಕಕ್ಕೆ ಸೇರಿತು. ಕಾರ್ಮಿಕರ ಲೈನುಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಏನು ಹಾಡುತ್ತಿದ್ದರು, ಪರೆ ಯಾರು ಬಡಿಯುತ್ತಿದ್ದರು? ಅದನ್ನು ಬಲ್ಲ ಮುದುಕರು ವರ್ಷಕ್ಕೊಬ್ಬರಂತೆ ಮಣ್ಣು ಸೇರುತ್ತಿದ್ದಾರೆ.

ಇನ್ನೂ ಕಹಿಯಾದ ಮಾತು ಒಂದಿದೆ, ಅದನ್ನು ನುಂಗಲಾಗದು. 2000ದ ಮಾರ್ಚ್ 11ರಂದು, ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮಾಯಾಬಜಾರಿನ ನಾಲ್ಕು ಹಾಡು ಯಾರವು ಅಂತ ಥಟ್ಟನೆ ಹೇಳುವ ನಮ್ಮ ಕಡೆಯ ನಾಲಿಗೆ ಆ ಏಳು ಹೆಸರುಗಳನ್ನು ಹೇಳಬಲ್ಲುದೆ? ‘ಸ್ಟ್ರೇಂಜ್ ಫ್ರೂಟ್’ ಯಾವ ತಿಂಗಳಲ್ಲಿ ಮುದ್ರಣವಾಯಿತು ಅಂತ ಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ. ಬೆಂಗಳೂರಿನಿಂದ ಕಂಬಾಲಪಲ್ಲಿ ಅಮೆರಿಕಕ್ಕಿಂತ ದೂರವೇನೂ ಇಲ್ಲ.

*

ಹಾಗಾದರೆ ಏನು ಮಾಡಬೇಕು? ಜಾಜ್ ರಸಿಕರ ಚಾಳಿಯನ್ನು ನಾವು ಕದಿಯಬೇಕು. ಅವರ ಹತ್ತಿರ ಇರುವ ಒಳ್ಳೆಯ ಗುಣ ಅದೊಂದು. ಬಡಿದವನ ಹೆಸರು ಗೊತ್ತಾಗುವ ತನಕ ಅವರಿಗೆ ನಿದ್ದೆ ಬರುವುದಿಲ್ಲ. ನಮಗೂ ಬರಬಾರದು. ಅವರು ನಿಲ್ಲುವ ಕಡೆ ಮಾತ್ರ ನಾವು ನಿಲ್ಲಬಾರದು. ಹೆಸರಿನ ಜೊತೆಗೆ ಕೂಲಿ ಕೇಳಬೇಕು, ಕೇರಿ ಕೇಳಬೇಕು, ಬಿದ್ದ ಏಟು ಕೇಳಬೇಕು.

ತಮಟೆ ಕಲೆಗಾಗಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2007ರ ತನಕ ನಮ್ಮದೇ ಜಿಲ್ಲೆಯಾಗಿದ್ದ ಚಿಕ್ಕಬಳ್ಳಾಪುರದವರು ಅವರು. ಸಂತೋಷ. ಆದರೆ ಒಂದು ಹೆಸರು ದಿಲ್ಲಿಯ ಪಟ್ಟಿಗೆ ಏರಲು ಗಣರಾಜ್ಯ ಬಂದು ಎಪ್ಪತ್ತಮೂರು ವರ್ಷ ಹಿಡಿಯಿತು. ಉಳಿದ ಹೆಸರುಗಳಿಗೆ ದಿಲ್ಲಿಯನ್ನು ಕಾಯುತ್ತ ಕೂತರೆ ಬಡಿದವರೂ ಇರುವುದಿಲ್ಲ, ಕೇಳಿದವರೂ ಇರುವುದಿಲ್ಲ.

ಹಳ್ಳಿಯ ಮೇಷ್ಟರುಗಳಿಗೆ ನಮ್ಮ ಮನವಿ ಇಷ್ಟೆ. ಒಂದು ನೂರು ಪುಟದ ನೋಟ್‌ಬುಕ್ ತನ್ನಿ, ಮಕ್ಕಳನ್ನು ಕೇರಿಗೆ ಕಳಿಸಿ. ತಮಟೆ ಬಡಿಯುವ ತಾತನ ಹೆಸರು, ಕಲಿಸಿದವರ ಹೆಸರು ಬರೆಸಿ. ಸಾವಿನ ಏಟು ಯಾವುದು, ಮದುವೆಯ ಏಟು ಯಾವುದು, ಬಳೆಗೆ ಮರ ಎಲ್ಲಿಯದು, ಚರ್ಮ ಯಾರು ಹದ ಮಾಡಿದ್ದು, ಹಿಂದೆ ಏನು ಕೊಡುತ್ತಿದ್ದರು, ಈಗ ಎಷ್ಟು ಕೊಡುತ್ತಾರೆ, ಯಾವ ಜಾಥಾದಲ್ಲಿ ಬಡಿದರು, ಬಡಿಯುವುದಿಲ್ಲ ಅಂದದ್ದಕ್ಕೆ ಯಾವ ಊರಲ್ಲಿ ಏನಾಯಿತು, ಎಲ್ಲ ಬರೆಸಿ. ಸೋಬಾನೆ ಹೇಳುವ ಅಜ್ಜಿಯರ ಹೆಸರಿಗೆ ಬೇರೆ ಪುಟ ಇಡಿ, ಇಂಥವರ ಹೆಂಡತಿ ಅಂತ ಬರೆಯಬೇಡಿ. ಕಾರ್ಯಕ್ರಮ ಮಾಡುವ ಸಂಘದವರು ಕರಪತ್ರದಿಂದ ‘ಮತ್ತು ಸಂಗಡಿಗರು’ ಎಂಬ ಮಾತನ್ನು ತೆಗೆದುಹಾಕಿ. ಜಾಗ ಸಾಲದಿದ್ದರೆ ಅಧ್ಯಕ್ಷರ ಬಿರುದುಗಳಲ್ಲಿ ಎರಡು ಕಡಿಮೆ ಮಾಡಿ.

ಈಗ ಪ್ರತಿ ಹುಡುಗನ ಜೇಬಿನಲ್ಲಿ ಫೋನು ಇದೆ. ಗೆನೆಟ್ ಕೊಂಬಿನ ಹಾಗೆ ಅದು ಡೋಲನ್ನು ಹೊರಗೆ ತಳ್ಳುವುದಿಲ್ಲ. ಜಾತ್ರೆಯಲ್ಲಿ, ಆದಿಮದ ಹುಣ್ಣಿಮೆ ಹಾಡಿನಲ್ಲಿ, ಹೋರಾಟದ ಟೆಂಟಿನಲ್ಲಿ ಹುಡುಗರು ತಮಟೆ ಹಿಡಿದವರನ್ನು ಚಿತ್ರ ತೆಗೆಯುತ್ತಾರೆ. ತೆಗೆದ ಚಿತ್ರಕ್ಕೆ ‘ಕೋಲಾರ ತಮಟೆ’ ಅಂತ ಊರಿನ ಹೆಸರು ಹಾಕುತ್ತಾರೆ, ಮನುಷ್ಯನ ಹೆಸರು ಮತ್ತೆ ಇಲ್ಲ.

ಇದಕ್ಕೆ ಮದ್ದನ್ನು ಗೌಹರ್ ಜಾನ್ ಎಂಬ ಹೆಣ್ಣುಮಗಳು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾಳೆ. 1902ರಲ್ಲಿ ಕಲ್ಕತ್ತಾದಲ್ಲಿ ಪ್ಲೇಟಿಗೆ ಹಾಡಿದವಳು. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡವಳು. ಆಗ ಪ್ಲೇಟು ಒತ್ತುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಹಾಡಿದ್ದು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲಿ ಅಂತ ಹಾಡಿನ ಕೊನೆಗೆ ಅವಳೇ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ನೂರು ವರ್ಷ ದಾಟಿದರೂ ಆ ಪ್ಲೇಟು ಹಾಕಿದರೆ ಅವಳ ಹೆಸರು ಅವಳ ಬಾಯಿಂದಲೇ ಕೇಳುತ್ತದೆ. ಅದನ್ನು ಅಳಿಸಲು ಯಾವ ಕಂಪನಿಗೂ, ಯಾವ ದಿವಾನನಿಗೂ ಆಗುವುದಿಲ್ಲ.

ಗೆಳೆಯರೆ, ಇನ್ನು ಮೇಲೆ ಫೋನು ಹಿಡಿದಾಗ ಹಾಡು ಮುಗಿದ ಕೂಡಲೆ ಆರಿಸಬೇಡಿ. ತಮಟೆ ಬಡಿದ ಅಣ್ಣನ ಕಡೆ ತಿರುಗಿಸಿ, ಅಣ್ಣಾ, ನಿನ್ನ ಹೆಸರು, ಊರು, ನಿನಗೆ ಕಲಿಸಿದವರ ಹೆಸರು ಹೇಳು ಅಂತ ಕೇಳಿ. ಆಯಪ್ಪ ನಾಚಿಕೊಂಡರೆ ಇನ್ನೊಂದು ಸಲ ಕೇಳಿ. ಹೇಳಿದ ಮೇಲೆ ಆರಿಸಿ.